ವಕ್ತೃವಿವರ ಮತ್ತು ನೋಡುವ ಅಧಿಕಾರ: ಬಾಳಗಡಿ ಪರಿಸರದ ಕ್ಷೇತ್ರಕಾರ್ಯದ ಹಿನ್ನೆಲೆಯಲ್ಲಿ

ಕನ್ನಡದ ಜಾನಪದ ಸಂಗ್ರಹಗಳ ಹಾಗೂ ಸಂಶೋಧನ ಮಹಾಪ್ರಬಂಧಗಳ ಕೊನೆಯ ಪುಟಗಳಲ್ಲಿ ‘ವಕ್ತೃಗಳ ವಿವರ’ ಎಂಬ ಅನುಬಂಧವೊಂದಿರುವುದು ರೂಢಿ. ಹೆಸರು, ವಯಸ್ಸು, ಜಾತಿ, ಕಸುಬು, ಊರು, ತಾಲೂಕು ಎಂಬ ಅಂಕಣಗಳಲ್ಲಿ ಹಾಡಿದವರು, ಕತೆ ಹೇಳಿದವರು ಸಾಲಾಗಿ ನಿಲ್ಲುತ್ತಾರೆ. ಈಚಿನ ಪ್ರಬಂಧಗಳಲ್ಲಿ ದೂರವಾಣಿ ಸಂಖ್ಯೆ, ಭಾವಚಿತ್ರ ಸೇರಿರುವುದೂ ಉಂಟು. ಪಠ್ಯದ ಅಧಿಕೃತತೆಗೆ ಇದೇ ಆಧಾರವೆಂದು ನಮಗೆ ಕಲಿಸಲಾಗಿದೆ, ನಾವೂ ಹಾಗೆಯೇ ಕಲಿಸುತ್ತ ಬಂದಿದ್ದೇವೆ. ಆದರೆ ಈ ವಿವರಗಳನ್ನು ಯಾರು ಯಾರು ನೋಡಬಲ್ಲರು, ಹಾಗೆ ನೋಡಬಲ್ಲರೆಂಬುದು ವಕ್ತೃವಿಗೆ ತಿಳಿದಿದೆಯೆ ಎಂಬ ಪ್ರಶ್ನೆ ನಮ್ಮ ಚರ್ಚೆಗಳಲ್ಲಿ ಅಪರೂಪ. ಕೊಪ್ಪ ತಾಲೂಕಿನ ಬಾಳಗಡಿಯನ್ನು ನೆಲೆಯಾಗಿಟ್ಟುಕೊಂಡು ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲೂಕುಗಳಲ್ಲಿ 2007-08ರ ಸುಮಾರಿಗೆ ನಾನು ನಡೆಸಿದ ಕ್ಷೇತ್ರಕಾರ್ಯವನ್ನು ಈಗ ಹಿಂತಿರುಗಿ ನೋಡುವಾಗ ಈ ಪ್ರಶ್ನೆಯೇ ಮುಖ್ಯವಾಗಿ ಕಾಣುತ್ತದೆ.

ಹೆಸರುಗಳನ್ನು ಮರೆಮಾಡಬೇಕೆಂಬುದು ನನ್ನ ವಾದವಲ್ಲ. ಹಾಡಿದವರನ್ನು ‘ಜನಪದರು’ ಎಂಬ ಒಂದು ಪದದಲ್ಲಿ ಕರಗಿಸಿ, ಸಂಗ್ರಹಿಸಿದವರ ಹೆಸರನ್ನಷ್ಟೇ ಮುಖಪುಟದಲ್ಲಿ ಅಚ್ಚುಮಾಡಿದ ಕಾಲವೊಂದಿತ್ತು. ಅಲ್ಲಿಂದ ಹೊರಬರಲು ನಮ್ಮ ಅಧ್ಯಯನಕ್ಕೆ ದಶಕಗಳೇ ಬೇಕಾದವು. ಲೌರಿ ಹಾಂಕೊ ಮತ್ತು ಅವರ ಸಂಗಡಿಗರು 1990ರ ಡಿಸೆಂಬರಿನಲ್ಲಿ ಧ್ವನಿಮುದ್ರಿಸಿಕೊಂಡು 1998ರಲ್ಲಿ ಪ್ರಕಟಿಸಿದ, 15,683 ಸಾಲುಗಳ ತುಳು ಸಿರಿ ಮಹಾಕಾವ್ಯದ ಶೀರ್ಷಿಕೆಯಲ್ಲಿಯೇ ಹಾಡಿದ ಗೋಪಾಲ ನಾಯ್ಕರ ಹೆಸರಿದೆ. ಕಲಾವಿದನಿಗೆ ಸಲ್ಲಬೇಕಾದ ಗೌರವ ಅದು. ಆದರೆ ಕರ್ತೃತ್ವವನ್ನು ಸಾರುವ ಹೆಸರು ಬೇರೆ, ಸಂಶೋಧಕನ ಟಿಪ್ಪಣಿ ಪುಸ್ತಕದಲ್ಲಿ ಆ ಹೆಸರಿನ ಸುತ್ತ ಸೇರಿಕೊಳ್ಳುವ ಮನೆವಾರ್ತೆ ಬೇರೆ. ನಮ್ಮ ಅನುಬಂಧಗಳು ಈ ಎರಡನ್ನೂ ಒಂದೇ ಪಟ್ಟಿಗೆ ತುಂಬಿವೆ.

ಮಲೆನಾಡಿನ ಎರಡು ಹಾಡುಗಾರಿಕೆಗಳನ್ನು ಎದುರುಬದುರಿಟ್ಟು ನೋಡಿದರೆ ಈ ಭೇದ ಸ್ಪಷ್ಟವಾಗುತ್ತದೆ. ದೀಪಾವಳಿಯ ರಾತ್ರಿಗಳಲ್ಲಿ ದೀಪ ಹಿಡಿದು ಮನೆಮನೆಗೆ ಹೋಗುವ ಅಂಟಿಗೆ-ಪಂಟಿಗೆಯವರು ಊರಿನ ಎದುರಲ್ಲೇ ಹಾಡುವವರು. ಯಾರ ಮನೆಯ ಜಗಲಿಯಲ್ಲಿ ಯಾರು ಹಾಡಿದರೆಂಬುದು ಎಲ್ಲರಿಗೂ ಗೊತ್ತು. ತಮ್ಮ ತಂಡದವರ ಹೆಸರು ಒಂದೂ ಬಿಟ್ಟುಹೋಗಬಾರದೆಂದು ಅವರೇ ನನಗೆ ಬರೆಸಿದರು. ಸೋಬಾನೆ ಪದಗಳನ್ನು ಹೇಳುವ ಹೆಂಗಸರ ರೀತಿ ಹಾಗಲ್ಲ. ಮದುವೆಮನೆಯಲ್ಲಿ ಹಾಡುವವರೇ ಆದರೂ ಸಂಶೋಧಕನಿಗಾಗಿ ಅವರು ಹಾಡುವುದು ಅಡುಗೆಮನೆಯ ಬಾಗಿಲ ಬಳಿ, ಕೆಲಸದ ನಡುವೆ. ಒಂದು ಪದಕ್ಕೂ ಇನ್ನೊಂದಕ್ಕೂ ನಡುವೆ ಬಾಳಿನ ಕತೆ ಬಂದುಬಿಡುತ್ತದೆ: ಕೊಟ್ಟ ಮನೆಯ ಕಷ್ಟ, ತವರಿನ ಪಾಲು, ಸಾಲ, ತಿರುಗಿ ಬಂದ ಮಗಳು. ಧ್ವನಿಸುರುಳಿ ತಿರುಗುತ್ತಲೇ ಇರುತ್ತದೆ. ಅಂತಹದೊಂದು ಸಂದರ್ಭದಲ್ಲಿ ಹಿರಿಯ ಹೆಂಗಸೊಬ್ಬರು ಪದ ನಿಲ್ಲಿಸಿ, “ಇದನ್ನೆಲ್ಲ ಬರ್ಕಂಡು ಹೋಗಿ ಯಾರ್ಯಾರಿಗೆ ತೋರಿಸ್ತೀರಿ ಮಾರಾಯ್ರೆ?” ಎಂದು ಕೇಳಿದರು. “ವಿಶ್ವವಿದ್ಯಾಲಯದವರಿಗೆ ಅಮ್ಮಾ” ಎಂದೆ. ಅವರಿಗೆ ಅದರಿಂದ ಏನೂ ತಿಳಿದಿರಲಾರದು. ನನಗೂ ಅದಕ್ಕಿಂತ ಹೆಚ್ಚು ತಿಳಿದಿರಲಿಲ್ಲ.

ಆ ಕಾಲದಲ್ಲಿ, ಆ ಊರುಗಳಲ್ಲಿ ಅದು ಲೋಕಾಭಿರಾಮದ ಪ್ರಶ್ನೆಯೂ ಆಗಿರಲಿಲ್ಲ. ಕುದುರೆಮುಖ ರಾಷ್ಟ್ರೀಯ ಉದ್ಯಾನದ ಅಂತಿಮ ಅಧಿಸೂಚನೆ 2001ರಲ್ಲಿ ಹೊರಬಿದ್ದ ಮೇಲೆ ಕಾಡಂಚಿನ ಮನೆಗಳಲ್ಲಿ ಒಕ್ಕಲೆಬ್ಬಿಸುವ ಭಯ ನೆಲೆಸಿತ್ತು. 2005ರ ಫೆಬ್ರುವರಿಯಲ್ಲಿ ಮೆಣಸಿನಹಾಡ್ಯದ ಕಡೆ ನಕ್ಸಲ್ ನಾಯಕ ಸಾಕೇತ್ ರಾಜನ್ ಪೊಲೀಸರ ಗುಂಡಿಗೆ ಬಲಿಯಾದ ಬಳಿಕ ಶೋಧ ಕಾರ್ಯಾಚರಣೆ ನಿತ್ಯದ ಸಂಗತಿಯಾಯಿತು. ಚೀಲ ಹೆಗಲಿಗೇರಿಸಿ ಬಂದು ಹೆಸರು ಕೇಳಿ ಬರೆದುಕೊಳ್ಳುವವನು ಯಾರ ಕಡೆಯವನು ಎಂಬ ಅನುಮಾನ ಸಹಜವಾಗಿತ್ತು. ಯಾವ ಒಂಟಿಮನೆಗೆ ಯಾವ ದಾರಿ, ಅಲ್ಲಿ ಯಾರಿದ್ದಾರೆ, ರಾತ್ರಿ ಯಾರು ಬಂದುಹೋಗುತ್ತಾರೆ ಎಂಬುದು ನನ್ನ ಟಿಪ್ಪಣಿಗಳಲ್ಲಿ ದಾರಿಯ ಗುರುತಿಗಾಗಿ ದಾಖಲಾಗಿತ್ತು. ಬೇರೆಯವರ ಕೈಯಲ್ಲಿ ಅದೇ ಪುಟ ಬೇರೆಯೇ ದಾಖಲೆಯಾಗುತ್ತಿತ್ತು.

ಇನ್ನೊಂದು ಸೂಕ್ಷ್ಮವನ್ನೂ ಇಲ್ಲಿ ಗಮನಿಸಬೇಕು. ವಲಸೆಯ ಐತಿಹ್ಯಗಳು ನಮಗೆ ಪ್ರಿಯವಾದ ವಸ್ತು. ‘ನಮ್ಮಜ್ಜ ಘಟ್ಟದ ಕೆಳಗಿನಿಂದ ಬಂದವರು’ ಎಂದು ವಕ್ತೃ ಹೇಳಿದರೆ ಅದನ್ನು ಹೆಸರು, ಊರಿನೊಡನೆ ಬರೆದುಕೊಳ್ಳುತ್ತೇವೆ. 2006ರ ಅರಣ್ಯ ಹಕ್ಕು ಕಾಯಿದೆಯ ಪ್ರಕಾರ ಪರಿಶಿಷ್ಟ ಪಂಗಡಕ್ಕೆ ಸೇರದ ಅರಣ್ಯವಾಸಿಗಳು 2005ರ ಡಿಸೆಂಬರ್ 13ಕ್ಕೆ ಹಿಂದೆ ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲಿ ನೆಲೆಸಿದ್ದನ್ನು ತೋರಿಸಬೇಕು. ಹಿರಿಯರ ಲಿಖಿತ ಹೇಳಿಕೆಯನ್ನು ಅದರ ನಿಯಮಗಳು ಸಾಕ್ಷ್ಯವೆಂದು ಒಪ್ಪುತ್ತವೆ. ಹೀಗಿರುವಾಗ ನಮ್ಮ ಅನುಬಂಧದ ಒಂದು ಸಾಲು ಆ ಕುಟುಂಬದ ಅರ್ಜಿಗೆ ಬಲವೂ ಆಗಬಹುದು, ತೊಡಕೂ ಆಗಬಹುದು. ಹೇಳಿದವರಿಗೆ ಅದರ ಅರಿವಿಲ್ಲದಿರುವುದು ನ್ಯಾಯವಲ್ಲ.

ಆಗ ಮಹಾಪ್ರಬಂಧವೆಂದರೆ ಗ್ರಂಥಾಲಯದ ಕಪಾಟಿನ ಒಂದೆರಡು ಪ್ರತಿ. ವಿಶ್ವವಿದ್ಯಾಲಯ ಧನಸಹಾಯ ಆಯೋಗದ 2009ರ ನಿಯಮಾವಳಿ ವಿದ್ಯುನ್ಮಾನ ಪ್ರತಿಯನ್ನು ಕಡ್ಡಾಯಗೊಳಿಸಿದ ಮೇಲೆ ಸ್ಥಿತಿ ಬದಲಾಯಿತು. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರದ ‘ಶೋಧಗಂಗಾ’ ಭಂಡಾರದಲ್ಲಿ ಹಳೆಯ ಪ್ರಬಂಧಗಳೂ ಗಣಕೀಕೃತವಾಗಿ ಸೇರುತ್ತಿವೆ. ಸಂಶೋಧನೆಯ ದೃಷ್ಟಿಯಿಂದ ಇದು ದೊಡ್ಡ ಉಪಕಾರ, ನಾನೂ ದಿನವೂ ಬಳಸುತ್ತೇನೆ. ಆದರೆ ಅಧ್ಯಾಯಗಳ ಜೊತೆಗೆ ಅನುಬಂಧವೂ ಹೋಯಿತು. ಹೆಸರು, ಜಾತಿ, ಊರು ಈಗ ಯಾರೇ ಆದರೂ ತೆರೆದು ನೋಡಬಹುದಾದ ಪುಟದಲ್ಲಿವೆ. ಮೂರು ಪರೀಕ್ಷಕರಿಗೆಂದು ಬರೆದ ಪಟ್ಟಿಗೆ ಓದುಗರ ಮಿತಿ ತಪ್ಪಿಹೋಯಿತು.

ಯುನೆಸ್ಕೊ 1989ರಲ್ಲಿ ಅಂಗೀಕರಿಸಿದ ಜಾನಪದ ಸಂರಕ್ಷಣೆಯ ಶಿಫಾರಸು ಪರಂಪರೆಯ ವಾಹಕನಾದ ವಕ್ತೃವಿನ ಖಾಸಗಿತನ ಮತ್ತು ಗೋಪ್ಯತೆಯ ರಕ್ಷಣೆಯನ್ನು ಹೆಸರಿಸಿ ಹೇಳುತ್ತದೆ. ಸಂಗ್ರಹಿಸಿದ ಸಾಮಗ್ರಿಯ ಬಳಕೆಯ ಮೇಲೆ ನಿಗಾ ಇಡುವುದು ದಾಖಲಾಗಾರಗಳ ಹೊಣೆ ಎಂದೂ ಅಲ್ಲಿದೆ. ನಮ್ಮ ಕ್ಷೇತ್ರಕಾರ್ಯದ ಬೋಧನೆಯಲ್ಲಿ ಈ ಮಾತು ಬೇರೂರಲಿಲ್ಲ. ನಮ್ಮ ರಾಜ್ಯದವರೇ ಆದ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ 2017ರಲ್ಲಿ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ, ತನ್ನ ವಿವರಗಳನ್ನು ಯಾರ ಯಾರೊಡನೆ ಹಂಚಿಕೊಳ್ಳಲಾಗಿದೆ ಎಂದು ಕೇಳುವ ಹಕ್ಕನ್ನು ವ್ಯಕ್ತಿಗೆ ಕೊಡುತ್ತದೆ. ಆದರೆ ಸಂಶೋಧನೆಗೂ ದಾಖಲೀಕರಣಕ್ಕೂ ಷರತ್ತುಬದ್ಧ ವಿನಾಯಿತಿ ಇದೆ. ಕಾಗದದ ಟಿಪ್ಪಣಿ ಪುಸ್ತಕವಂತೂ ಗಣಕಕ್ಕೇರುವವರೆಗೆ ಅದರ ವ್ಯಾಪ್ತಿಗೆ ಬರುವುದೇ ಇಲ್ಲ. ವಿನಾಯಿತಿಯನ್ನು ನಾವು ಅನುಕೂಲವೆಂದು ಭಾವಿಸಿ ಸುಮ್ಮನಾಗಬಾರದು.

ಈ ವಿಷಯದಲ್ಲಿ ಅಂತರಜಾಲದ ಸಮುದಾಯವೊಂದು ನಮಗಿಂತ ಮುಂದಿದೆ ಎಂದರೆ ವಿದ್ವಾಂಸರು ನಗಬಹುದು. ವಿಕಿಪೀಡಿಯದಲ್ಲಿ ಸಂಪಾದಕರ ಗಣಕವಿಳಾಸದಂತಹ ಗುಪ್ತ ವಿವರಗಳನ್ನು ನೋಡಬಲ್ಲ ಕಾರ್ಯಕರ್ತರು ಕೆಲವೇ ಮಂದಿ. ಅವರ ಪಟ್ಟಿ ಬಹಿರಂಗ. ಗೋಪ್ಯತೆಯ ಒಪ್ಪಂದಕ್ಕೆ ಸಹಿ ಹಾಕದೆ ಆ ಅಧಿಕಾರ ಸಿಗದು. ಅವರ ಪ್ರತಿ ತಪಾಸಣೆಯೂ ದಾಖಲಾಗುತ್ತದೆ. ಆ ದಾಖಲೆಯನ್ನು ಸಾಮಾನ್ಯ ಸದಸ್ಯ ಕಾಣಲಾರನೆಂಬ ಕೊರತೆ ಅಲ್ಲಿಯೂ ಉಂಟು, ಆದರೆ ನೋಡುವ ಅಧಿಕಾರ ಯಾರಿಗಿದೆ ಎಂಬುದನ್ನಾದರೂ ಅವನು ತಿಳಿಯಬಲ್ಲ. ನಮ್ಮ ಜಾನಪದ ದಾಖಲಾಗಾರಗಳಲ್ಲಿ ಧ್ವನಿಸುರುಳಿಯನ್ನು ಯಾರು ಕೇಳಿದರು, ಟಿಪ್ಪಣಿಯನ್ನು ಯಾರು ನಕಲು ಮಾಡಿದರು ಎಂಬುದು ಹಾಡಿದವರಿಗೆ ತಿಳಿಯುವ ದಾರಿ ಎಲ್ಲಿದೆ? ಮಾರ್ಗದರ್ಶಕರು, ಸಹಾಯಕರು, ಬೆರಳಚ್ಚುಗಾರರು, ಮುಂದಿನ ವಿದ್ಯಾರ್ಥಿಗಳು ಎಲ್ಲರೂ ನೋಡಿರುತ್ತಾರೆ. ನನ್ನ ಟಿಪ್ಪಣಿಗಳನ್ನೇ ಎಷ್ಟು ಮಂದಿ ಓದಿದ್ದಾರೆಂದು ಲೆಕ್ಕ ಹಾಕಿದಾಗ ಏಳು ಹೆಸರು ಸಿಕ್ಕವು. ಎಂಟನೆಯವರು ಇರಲಾರರೆಂದು ಹೇಳಲಾರೆ.

ಆದುದರಿಂದ ಪ್ರಕಟವಾಗುವ ಪಟ್ಟಿಯಲ್ಲಿ ಹಾಡಿದವರ ಹೆಸರು ಮತ್ತು ಊರು ಅವರ ಒಪ್ಪಿಗೆಯಂತೆ ಇರಲಿ. ಜಾತಿ, ಕುಟುಂಬ, ಭೂಮಿ, ದೂರವಾಣಿಯ ವಿವರ ಪ್ರತ್ಯೇಕ ಪುಸ್ತಕದಲ್ಲಿ ಉಳಿಯಲಿ. ಆ ಪುಸ್ತಕವನ್ನು ತೆರೆದವರ ಹೆಸರು, ದಿನಾಂಕ, ಕಾರಣಗಳು ಅದರಲ್ಲಿಯೇ ನಮೂದಾಗಲಿ, ವಕ್ತೃ ಅಥವಾ ಅವರ ಮಕ್ಕಳು ಕೇಳಿದರೆ ಓದಿ ಹೇಳುವಂತಿರಲಿ. ಬರಿಯ ಸಹಿಯ ಒಪ್ಪಿಗೆಪತ್ರದಿಂದ ಇದು ಆಗದು. ಓದಲು ಬಾರದವರಿಂದ ಹೆಬ್ಬೆಟ್ಟು ಒತ್ತಿಸಿಕೊಂಡ ಕಾಗದ ಯಾರನ್ನು ಕಾಯುತ್ತದೆಂಬುದು ಮಲೆನಾಡಿನವರಿಗೆ ಹೊಸದಾಗಿ ಹೇಳಬೇಕಾದ್ದಲ್ಲ.

ಕಳೆದ ಮಳೆಗಾಲ ಮುಗಿದ ಮೇಲೆ ಆ ಹಿರಿಯರ ಮನೆಗೆ ಮತ್ತೆ ಹೋಗಿದ್ದೆ. ಏಳು ಹೆಸರುಗಳನ್ನೂ ಹೇಳಿ, ಅನುಬಂಧ ಈಗ ಎಲ್ಲಿದೆ, ಅದನ್ನು ಯಾರು ಬೇಕಾದರೂ ನೋಡಬಹುದೆಂಬುದನ್ನು ಮೊಬೈಲಿನಲ್ಲಿ ತೋರಿಸಿದೆ. ಮೊಮ್ಮಗ ಅವರಿಗೆ ಓದಿ ಹೇಳಿದ. ತನ್ನ ಹೆಸರೂ ಪದಗಳೂ ಇರಲಿ, ಮಗಳ ಸುದ್ದಿ ಮಾತ್ರ ಬೇಡ ಎಂದರು. ನನ್ನ ಬಳಿಯ ಪ್ರತಿಯಲ್ಲಿ ಆ ಭಾಗವನ್ನು ಹೊಡೆದುಹಾಕಿದ್ದೇನೆ. ಭಂಡಾರದ ಪ್ರತಿಯಲ್ಲಿ ಆ ಪುಟವನ್ನು ಬದಲಿಸಿಕೊಡಬೇಕೆಂದು ಸಲ್ಲಿಸಿದ ಮನವಿಗೆ ಉತ್ತರ ಬರಬೇಕಾಗಿದೆ.