ಕಾರವಾನಿಗೆ ಇಂಟರ್ನೆಟ್: ಪರೇಲಿನಿಂದ ಕರಾವಳಿಗೆ

ಕಾರವಾನಿನಲ್ಲಿ ಇಂಟರ್ನೆಟ್ ಕೈಕೊಡಲು ಮೊದಲ ಕಾರಣ ಕಾರವಾನೇ. ತಗಡಿನ ಗೋಡೆ, ತಗಡಿನ ಚಾವಣಿ, ಒಳಗೆ ಸೆಕೆ ತಡೆಯಲೆಂದು ಅಂಟಿಸಿದ ಅಲ್ಯೂಮಿನಿಯಂ ಹಾಳೆ, ಇವೆಲ್ಲ ಸೇರಿ ರೇಡಿಯೊ ಅಲೆಗಳನ್ನು ಹೊರಗೇ ನಿಲ್ಲಿಸುತ್ತವೆ. ಕಿಟಕಿಯ ಗಾಜಿನಿಂದ ನುಸುಳಿದ್ದಷ್ಟೇ ಒಳಗಿದ್ದವರ ಪಾಲಿಗೆ. ಮುಂಬಯಿಯ ಪರೇಲಿನಲ್ಲಿ ಇದು ಗಮನಕ್ಕೇ ಬರುವುದಿಲ್ಲ. ಹತ್ತಿಗಿರಣಿಗಳಿದ್ದ ಜಾಗದಲ್ಲಿ ಎದ್ದ ಗೋಪುರಗಳ ನಡುವೆ ಎಲ್ಲ ಕಂಪನಿಗಳ ಆಂಟೆನಾಗಳೂ ಒತ್ತೊತ್ತಾಗಿವೆ; ತಗಡು ನುಂಗಿದ ಮೇಲೂ ಬೇಕಾದಷ್ಟು ಸಿಗ್ನಲ್ ಉಳಿಯುತ್ತದೆ. ಅದೇ ಗಾಡಿ ಪಕ್ಕದ ಶಿವಡಿಯಲ್ಲಿ ಅಟಲ್ ಸೇತು ಹತ್ತಿ, ಪನ್ವೇಲ್ ಕಡೆಯಿಂದ ರಾಷ್ಟ್ರೀಯ ಹೆದ್ದಾರಿ 66 ಹಿಡಿದು, ಪೋಲಾದ್‌ಪುರ ದಾಟಿ ಕಶೇಡಿ ಘಾಟಿಗೆ ಬಂದಾಗ ಪರೀಕ್ಷೆ ಶುರುವಾಗುತ್ತದೆ. ಮುಂಬಯಿ ಕನ್ನಡಿಗರಿಗೆ ಇದು ಹೊಸ ದಾರಿಯಲ್ಲ. ಮೇ ರಜೆಗೂ ಚೌತಿಗೂ ಊರಿಗೆ ಹೋಗುವವರು ಬಸ್ಸಿನಲ್ಲಿ ಕೂತು ನೋಡಿದ ಘಾಟಿಗಳೇ ಇವು. ಹಾದಿಯಲ್ಲೇ ಕಚೇರಿ ಕೆಲಸ ಮಾಡುತ್ತ ಹೋಗುವುದು ಮಾತ್ರ ಹೊಸತು.

ಫೋನಿನ ಮೂಲೆಯಲ್ಲಿ ಕಾಣುವ ಗೆರೆಗಳನ್ನು ನಂಬಿ ಗಾಡಿ ನಿಲ್ಲಿಸುವ ಜಾಗ ಆರಿಸಬಾರದು. ಎಷ್ಟು ಸಿಗ್ನಲಿಗೆ ಎಷ್ಟು ಗೆರೆ ಎಂಬುದನ್ನು ಫೋನ್ ತಯಾರಕರು ತಮ್ಮ ತಮ್ಮ ಲೆಕ್ಕದಲ್ಲಿ ನಿಗದಿ ಮಾಡಿರುತ್ತಾರೆ. ಸಿಮ್ ಹಾಕಿದ ರೂಟರಿನ ಸೆಟ್ಟಿಂಗ್ ಪುಟದಲ್ಲಿ ಕಾಣುವ ಎರಡು ಅಂಕಿಗಳು ನಿಜ ಹೇಳುತ್ತವೆ. ಮೊದಲನೆಯದು ಆರ್‌ಎಸ್‌ಆರ್‌ಪಿ, ಅಂದರೆ ಟವರಿನಿಂದ ಬರುವ ಸಿಗ್ನಲಿನ ಬಲ: ಮೈನಸ್ 80 ಡಿಬಿಎಂ ಇದ್ದರೆ ಚೆನ್ನ, ಮೈನಸ್ 100ರ ಆಸುಪಾಸು ಸಾಧಾರಣ, ಮೈನಸ್ 115 ದಾಟಿದರೆ ವಿಡಿಯೊ ಕರೆಯ ಆಸೆ ಬಿಡಬೇಕು. ಎರಡನೆಯದು ಎಸ್‌ಐಎನ್‌ಆರ್, ಗದ್ದಲಕ್ಕೆ ಹೋಲಿಸಿದರೆ ಸಿಗ್ನಲ್ ಎಷ್ಟು ಸ್ಪಷ್ಟ ಎಂಬ ಅಳತೆ. ಬಲ ಕಡಿಮೆಯಿದ್ದರೂ ಸ್ಪಷ್ಟತೆ 10 ಡಿಬಿಗಿಂತ ಮೇಲಿದ್ದರೆ ಕೆಲಸ ಸಾಗುತ್ತದೆ. ಬಲವಿದ್ದು ಸ್ಪಷ್ಟತೆ ಸೊನ್ನೆಯತ್ತ ಇಳಿದಿದ್ದರೆ ಸಾಗುವುದಿಲ್ಲ. ನಗರದ ಜನದಟ್ಟಣೆಯಲ್ಲಿ ಗೆರೆ ಪೂರ್ತಿ ಕಂಡರೂ ಪುಟ ತೆರೆಯದಿರುವುದು ಹೀಗೆ.

ಭರವಸೆಯ ಸಂಪರ್ಕ ಯಾವುದೇ ಒಂದು ಕಂಪನಿಯಿಂದ ಸಿಗುವಂಥದ್ದಲ್ಲ. ಎರಡು ಕಂಪನಿಗಳ ಸಿಮ್ ಇರಲೇಬೇಕು, ಆ ಎರಡನ್ನು ವಿಚಾರ ಮಾಡಿ ಆರಿಸಬೇಕು. ಏರ್‌ಟೆಲ್ ಮತ್ತು ವಿಐ ಬಹಳ ಕಡೆ ಇಂಡಸ್ ಟವರ್ಸ್‌ನ ಒಂದೇ ಗೋಪುರವನ್ನು ಹಂಚಿಕೊಂಡಿರುತ್ತವೆ. ಅಲ್ಲಿ ವಿದ್ಯುತ್ ಹೋದರೆ ಎರಡೂ ಒಟ್ಟಿಗೆ ಮಲಗುತ್ತವೆ. ಆದ್ದರಿಂದ ಜಿಯೊ ಜೊತೆಗೆ ಏರ್‌ಟೆಲ್ ಎಂಬುದು ಹೆದ್ದಾರಿಗೆ ಒಪ್ಪುವ ಜೋಡಿ. ಒಳನಾಡಿಗೆ ಇಳಿಯುವವರು ಮೂರನೆಯದಾಗಿ ಬಿಎಸ್‌ಎನ್‌ಎಲ್ ಇಟ್ಟುಕೊಳ್ಳುವುದು ಒಳ್ಳೆಯದು. ಅದರ ಸ್ವದೇಶಿ 4ಜಿ ಜಾಲ 2025ರ ಸೆಪ್ಟೆಂಬರ್‌ನಲ್ಲಿ ದೇಶಕ್ಕೆ ಅರ್ಪಣೆಯಾಯಿತು. ಸರ್ಕಾರದ ಡಿಜಿಟಲ್ ಭಾರತ್ ನಿಧಿಯ ಹಣದಲ್ಲಿ ಕಟ್ಟಿದ ಹಳ್ಳಿಗಾಡಿನ ಟವರುಗಳಲ್ಲಿ ಬಿಎಸ್‌ಎನ್‌ಎಲ್, ಏರ್‌ಟೆಲ್, ಜಿಯೊ ಗ್ರಾಹಕರು ಪರಸ್ಪರರ ಜಾಲ ಬಳಸುವ ಏರ್ಪಾಡೂ 2025ರ ಜನವರಿಯಿಂದ ಜಾರಿಗೆ ಬಂದಿದೆ. ಮುಂಬಯಿ, ಮಹಾರಾಷ್ಟ್ರ–ಗೋವಾ, ಕರ್ನಾಟಕ, ಕೇರಳ ಬೇರೆ ಬೇರೆ ದೂರಸಂಪರ್ಕ ವಲಯಗಳು. ಪರೇಲಿನಲ್ಲಿ ಮೇಲುಗೈ ಪಡೆದ ಕಂಪನಿಯೇ ಕುಮಟೆಯಲ್ಲೂ ಕಾಸರಗೋಡಿನಲ್ಲೂ ಮೇಲುಗೈ ಪಡೆದಿರಬೇಕೆಂದಿಲ್ಲ. ಅನ್‌ಲಿಮಿಟೆಡ್ 5ಜಿ ಎಂಬ ಮಾತಿಗೂ ಮರುಳಾಗಬಾರದು. ಜಾಲ 4ಜಿಗೆ ಇಳಿದ ಗಳಿಗೆಯಿಂದ ದಿನದ 2 ಜಿಬಿ ಮಿತಿ ಲೆಕ್ಕಕ್ಕೆ ಬರುತ್ತದೆ, ಒಂದು ತಾಸಿನ ವಿಡಿಯೊ ಸಭೆ ಅದರಲ್ಲಿ ಅರ್ಧದಷ್ಟನ್ನು ಕಬಳಿಸಬಲ್ಲದು.

ಬ್ಯಾಂಡ್ ವಿಚಾರ ತಿಳಿಯದೆ ರೂಟರ್ ಕೊಂಡವರು ಹಣ ಕಳೆದುಕೊಳ್ಳುತ್ತಾರೆ. ತಗ್ಗಿನ ಆವರ್ತನಾಂಕದ ಅಲೆಗಳು ದೂರ ಹೋಗುತ್ತವೆ, ಮರಗಿಡಗಳ ನಡುವೆಯೂ ತೂರುತ್ತವೆ; ಎತ್ತರದವು ವೇಗ ಕೊಡುತ್ತವೆ, ಆದರೆ ಬೇಗ ಸೋಲುತ್ತವೆ. ಸಹ್ಯಾದ್ರಿಯ ಕಣಿವೆಗಳಲ್ಲಿ ಕೈಹಿಡಿಯುವುದು ಜಿಯೊದ 850, ಏರ್‌ಟೆಲ್ಲಿನ 900, ಬಿಎಸ್‌ಎನ್‌ಎಲ್‌ನ 700 ಮೆಗಾಹರ್ಟ್ಸ್. ಬ್ಯಾಂಡ್ ಲೆಕ್ಕದಲ್ಲಿ 5, 8 ಮತ್ತು 28. ಪಟ್ಟಣಗಳಲ್ಲಿ 1, 3 ಮತ್ತು 40 ದುಡಿಯುತ್ತವೆ. ಯುರೋಪಿನಿಂದ ಬಂಧುಗಳು ತಂದುಕೊಟ್ಟ ರೂಟರಿನಲ್ಲಿ 5 ಅಥವಾ 40 ಇಲ್ಲದಿರಬಹುದು. ಖರೀದಿಗೆ ಮುಂಚೆ ಈ ಆರು ಅಂಕಿಗಳನ್ನು ಪೆಟ್ಟಿಗೆಯ ಮೇಲಿನ ಪಟ್ಟಿಯೊಡನೆ ತಾಳೆ ನೋಡಬೇಕು.

ಚಾವಣಿಯ ಆಂಟೆನಾಕ್ಕೆ ಹಾಕಿದ ಹಣ ದುಬಾರಿ ರೂಟರಿಗೆ ಹಾಕಿದ್ದಕ್ಕಿಂತ ಹೆಚ್ಚು ಫಲ ಕೊಡುತ್ತದೆ. ಎಲ್ಲ ದಿಕ್ಕಿಗೂ ಸಮನಾಗಿ ಕೇಳುವ, ಒಳಗೆ ಎರಡು ಇಲ್ಲವೇ ನಾಲ್ಕು ತಂತುಗಳಿರುವ ಗುಮ್ಮಟದಂಥ ಆಂಟೆನಾ ಸಾಕು. ಒಂದೇ ದಿಕ್ಕಿಗೆ ತಿರುಗಿಸಬೇಕಾದ ಯಾಗಿ ಆಂಟೆನಾ, ವಾರಗಟ್ಟಲೆ ಒಂದೇ ಕಡೆ ನಿಲ್ಲುವವರಿಗೆ ಮಾತ್ರ. ಹೆಚ್ಚಿನವರು ತಪ್ಪುವುದು ಕೇಬಲ್ಲಿನಲ್ಲಿ. ಎಲ್‌ಎಂಆರ್-200 ಬಗೆಯ ಕೇಬಲ್ ಐದು ಮೀಟರ್ ಉದ್ದವಿದ್ದರೆ 2300 ಮೆಗಾಹರ್ಟ್ಸ್‌ನಲ್ಲಿ ಸುಮಾರು 3 ಡಿಬಿ ನಷ್ಟ. ಚಾವಣಿಯಲ್ಲಿ ಹಿಡಿದದ್ದರಲ್ಲಿ ಅರ್ಧ ದಾರಿಯಲ್ಲೇ ಸೋರಿಹೋಯಿತೆಂದು ಅರ್ಥ. ರೂಟರನ್ನು ಆಂಟೆನಾದ ನೇರ ಕೆಳಗಿನ ಕಪಾಟಿನಲ್ಲಿಟ್ಟು, ಕೇಬಲನ್ನು ಎರಡು ಮೀಟರಿನೊಳಗೆ ಮುಗಿಸಬೇಕು. ಒಳ್ಳೆಯ ಕೇಬಲ್, ಕನೆಕ್ಟರ್‌ಗಳಿಗೆ ಲ್ಯಾಮಿಂಗ್ಟನ್ ರಸ್ತೆಯ ಅಂಗಡಿಗಳು ಪರೇಲಿನಿಂದ ದೂರವೇನಲ್ಲ.

ಕೊಂಕಣದ ಮಳೆಯಲ್ಲಿ ಓಡುವ ಗಾಡಿಯ ಚಾವಣಿಗೆ ಈ ಕೇಬಲ್ಲಿಗಾಗಿ ತೂತು ಕೊರೆಯುವುದು ಸಣ್ಣ ಕೆಲಸವಲ್ಲ. ಕೊರೆದ ಅಂಚಿಗೆ ತುಕ್ಕುನಿರೋಧಕ ಬಣ್ಣ ಬಳಿದು ಒಣಗಲು ಬಿಡಬೇಕು. ಮೇಲೆ ರಬ್ಬರ್ ಗ್ಯಾಸ್ಕೆಟ್, ಸುತ್ತಲೂ ಪಾಲಿಯುರೇಥೇನ್ ಸೀಲೆಂಟ್. ಅಡುಗೆಮನೆಯ ಸಿಂಕಿಗೆ ಹಚ್ಚುವ ಅಗ್ಗದ ಸಿಲಿಕೋನ್ ಇಲ್ಲಿ ಬೇಡ. ಒಳಗಡೆ ಕೇಬಲ್ ರೂಟರನ್ನು ಸೇರುವ ಮುಂಚೆ ಒಂದು ಗೇಣಿನಷ್ಟು ಕೆಳಗಿಳಿದು ಮತ್ತೆ ಮೇಲೇರಬೇಕು. ನೀರು ಹೇಗೋ ನುಸುಳಿತೆಂದರೂ ಆ ಬಾಗಿನ ತಳದಿಂದ ತೊಟ್ಟಿಕ್ಕಿ ಹೋಗುತ್ತದೆ, ಯಂತ್ರ ಉಳಿಯುತ್ತದೆ.

ವಿದ್ಯುತ್ತಿನ ಲೆಕ್ಕ ಸುಲಭ. ಹತ್ತು ವ್ಯಾಟಿನ ರೂಟರ್ ದಿನವಿಡೀ ಉರಿದರೆ 240 ವ್ಯಾಟ್-ಅವರ್. 12 ವೋಲ್ಟಿನ 100 ಆಂಪಿಯರ್-ಅವರ್ ಲಿಥಿಯಂ ಬ್ಯಾಟರಿಯ ಐದನೇ ಒಂದು ಪಾಲು. ಇನ್ವರ್ಟರ್ ಮೂಲಕ ಕೊಡದೆ ನೇರ ಬ್ಯಾಟರಿಯಿಂದ ಕೊಡಬೇಕು. ಎಂಜಿನ್ ಓಡುವಾಗ ವೋಲ್ಟೇಜ್ 14ರ ಮೇಲೇರುವುದರಿಂದ 9ರಿಂದ 30 ವೋಲ್ಟ್ ತಾಳುವ ರೂಟರ್ ಬೇಕು.

ಆನ್‌ಲೈನಿನಲ್ಲಿ ಮಾರುವ ಸಿಗ್ನಲ್ ಬೂಸ್ಟರ್ ಕಡೆಗೆ ಕಣ್ಣೆತ್ತಿಯೂ ನೋಡಬಾರದು. ಪರವಾನಗಿಯಿಲ್ಲದೆ ಅದನ್ನು ಹಚ್ಚುವುದು ಭಾರತದಲ್ಲಿ ಅಪರಾಧ. ಕಾನೂನು ಬದಿಗಿಟ್ಟರೂ ಅದು ಮಾಡುವ ಹಾನಿ ದೊಡ್ಡದು: ಅಗ್ಗದ ಬೂಸ್ಟರ್ ಸಿಗ್ನಲ್ ಜೊತೆ ಗದ್ದಲವನ್ನೂ ಹಿಗ್ಗಿಸಿ ಟವರಿಗೆ ತಿರುಗಿ ಕಳಿಸುತ್ತದೆ, ಒಬ್ಬರ ಅನುಕೂಲಕ್ಕೆ ಸುತ್ತಲಿನ ಊರಿಗೆಲ್ಲ ಫೋನ್ ಕೆಡುತ್ತದೆ. ಆಂಟೆನಾಕ್ಕೆ ಈ ದೋಷವಿಲ್ಲ. ಅದು ಕೇಳಿಸಿಕೊಳ್ಳುವ ಕಿವಿಯನ್ನಷ್ಟೇ ಎತ್ತರದಲ್ಲಿಡುತ್ತದೆ.

ಇನ್ನು ದಾರಿ. ಹೊರಡುವ ಮುನ್ನ ಕಂಪನಿಗಳು ದೂರಸಂಪರ್ಕ ನಿಯಂತ್ರಕ ಸಂಸ್ಥೆ ಟ್ರಾಯ್ ನಿಯಮದಂತೆ ತಮ್ಮ ಜಾಲತಾಣಗಳಲ್ಲಿ ಹಾಕಿರುವ ವ್ಯಾಪ್ತಿ ನಕ್ಷೆಗಳನ್ನೂ, ಟವರುಗಳು ಎಲ್ಲಿವೆಯೆಂದು ತೋರಿಸುವ ಸರ್ಕಾರದ ತರಂಗ್ ಸಂಚಾರ್ ತಾಣವನ್ನೂ ನೋಡಿಕೊಳ್ಳಬೇಕು. ಕಶೇಡಿಯ ಸುರಂಗ, ಚಿಪ್ಳೂಣಿಗೆ ಮುಂಚಿನ ಪರಶುರಾಮ ಘಾಟಿಯ ತಿರುವುಗಳು ಕೆಲಸಕ್ಕೆ ನಂಬಬಹುದಾದ ಜಾಗಗಳಲ್ಲ. ರತ್ನಾಗಿರಿ ಸೀಮೆಯಲ್ಲಿ ಸಮುದ್ರತೀರದ ತೆಂಗಿನ ತೋಪುಗಳು ಗುಡ್ಡದ ಮರೆಯಲ್ಲಿರುತ್ತವೆ. ಮೇಲಿನ ಜಂಬಿಟ್ಟಿಗೆಯ ಬಯಲು, ಕೊಂಕಣಿಗರು ‘ಸಡಾ’ ಎನ್ನುವ ಪ್ರದೇಶ, ದೂರದ ಟವರುಗಳಿಗೆ ತೆರೆದುಕೊಂಡಿರುತ್ತದೆ. ಕೆಲಸದ ಹೊತ್ತಿಗೆ ಸಡಾದ ಮೇಲೆ, ಸಂಜೆಗೆ ಕಡಲ ಬದಿಗೆ ಎಂದು ದಿನವನ್ನು ಹಂಚಿಕೊಂಡರೆ ಎರಡೂ ದಕ್ಕುತ್ತವೆ. ಕಾರವಾರದಿಂದ ಮಂಗಳೂರಿನವರೆಗೆ ಹೆದ್ದಾರಿಯ ಪಕ್ಕದಲ್ಲಿ ಪೇಟೆಗಳು ಸಾಲುಗಟ್ಟಿರುವುದರಿಂದ ತೊಂದರೆ ಕಡಿಮೆ. ಆದರೆ ಕುಮಟೆಯಿಂದ ದೇವಿಮನೆ ಘಾಟಿ ಹತ್ತಿ ಶಿರಸಿಗೆ, ಹೆಬ್ರಿಯಿಂದ ಆಗುಂಬೆಗೆ, ಕಾರ್ಕಳದಿಂದ ಕುದುರೆಮುಖಕ್ಕೆ ತಿರುಗಿದರೆ ಕತೆ ಬೇರೆ. ಕೊರೋನಾ ಕಾಲದಲ್ಲಿ ಮಲೆನಾಡಿನ ಮಕ್ಕಳು ಪಾಠ ಕೇಳಲು ಗುಡ್ಡ ಹತ್ತಿ ಟಾರ್ಪಾಲಿನ ಕೆಳಗೆ ಕೂತದ್ದು ಇಂಥ ಸೀಮೆಗಳಲ್ಲೇ. ಮಳೆಗಾಲದಲ್ಲಿ ಅಲ್ಲಿ ಕರೆಂಟು ಹೋದ ಕೆಲವೇ ತಾಸಿಗೆ ಟವರಿನ ಬ್ಯಾಟರಿಯೂ ಖಾಲಿಯಾಗುತ್ತದೆ. ಆಗ ಎಷ್ಟು ಸಿಮ್ ಇದ್ದರೂ ಒಂದೇ.

ಇಂಥ ಕಡೆ ಆಸರೆಯಾಗುವುದು ಮನೆಗಳಿಗೆ ಬಂದಿರುವ ಫೈಬರ್. ಕರಾವಳಿ, ಮಲೆನಾಡಿನ ಎಷ್ಟೋ ಒಂಟಿಮನೆಗಳಿಗೆ ಸ್ಥಳೀಯ ಕೇಬಲ್ ನಡೆಸುವವರ ಮೂಲಕ ಬಿಎಸ್‌ಎನ್‌ಎಲ್ ಫೈಬರ್ ಮುಟ್ಟಿದೆ. ಅಂಗಳದಲ್ಲಿ ಗಾಡಿ ನಿಲ್ಲಿಸಿದಾಗ, ಮನೆಯವರ ಒಪ್ಪಿಗೆ ಪಡೆದು, ಅವರ ವೈಫೈಯನ್ನು ಗಾಡಿಯ ರೂಟರ್ ಹಿಡಿದು ಒಳಗೆ ಹಂಚುವಂತೆ ಮಾಡಬಹುದು. ಬಹುತೇಕ ಪ್ರಯಾಣದ ರೂಟರುಗಳಲ್ಲಿ ಈ ಸೌಲಭ್ಯ ಇದೆ, ಬಳಸುವವರು ಕಡಿಮೆ.

ಉಪಗ್ರಹ ಇಂಟರ್ನೆಟ್ಟಿನ ಮೇಲೆ ಬಹಳ ಜನ ಕಣ್ಣಿಟ್ಟಿದ್ದಾರೆ. ಸ್ಟಾರ್‌ಲಿಂಕ್‌ಗೆ 2025ರ ಜೂನ್‌ನಲ್ಲಿ ದೂರಸಂಪರ್ಕ ಇಲಾಖೆಯ ಪರವಾನಗಿಯೂ ಜುಲೈನಲ್ಲಿ ಬಾಹ್ಯಾಕಾಶ ಕ್ಷೇತ್ರದ ನಿಯಂತ್ರಕ ಸಂಸ್ಥೆ ಇನ್‌-ಸ್ಪೇಸ್ ಅನುಮತಿಯೂ ದೊರೆತವು. ಹಾಗೆಂದು ವಿದೇಶದಲ್ಲಿ ಕೊಂಡ ಕಿಟ್ಟನ್ನು ಇಲ್ಲಿ ಹಚ್ಚುವಂತಿಲ್ಲ. ಅನುಮತಿಯಿಲ್ಲದೆ ತಂದ ತುರಾಯಾ, ಇರಿಡಿಯಂ ಉಪಗ್ರಹ ಫೋನುಗಳಿಗಾಗಿ ವಿದೇಶಿ ಪ್ರವಾಸಿಗರು ಬಂಧನಕ್ಕೊಳಗಾದ ಪ್ರಕರಣಗಳಿವೆ. ಉಪಗ್ರಹ ಸೇವೆ ಕಾರವಾನಿಗೆ ದೊರೆಯುವ ದಿನವೂ ಅದರ ತಟ್ಟೆಯಂಥ ಆಂಟೆನಾಕ್ಕೆ ತೆರೆದ ಆಕಾಶ ಬೇಕು. ಅಡಿಕೆ ತೋಟದ ನಡುವೆ ಸೋಗೆಗಳು ಅಡ್ಡ ಬರುತ್ತವೆ, ಆಗುಂಬೆಯಂಥ ಮಳೆಯಲ್ಲಿ ಆ ಎತ್ತರದ ಆವರ್ತನಾಂಕದ ಅಲೆಗಳು ಸೊರಗುತ್ತವೆ. ತಟ್ಟೆಗೆ ಬೇಕಾದ ವಿದ್ಯುತ್ತೂ ಮೊಬೈಲ್ ರೂಟರಿನದ್ದಕ್ಕಿಂತ ಕೆಲವು ಪಟ್ಟು ಹೆಚ್ಚು. ಬೋಳುಗುಡ್ಡದ ನೆತ್ತಿಯಲ್ಲಿ, ಬೇಸಿಗೆಯ ಕೊಂಕಣ ಬಯಲಿನಲ್ಲಿ ಅದು ಚೆನ್ನಾಗಿ ಒದಗೀತು. ಮಳೆಗಾಲದ ತೋಟದ ಮನೆಯಂಗಳಕ್ಕೆ ಎರಡು ಸಿಮ್ಮು, ಚಾವಣಿಯ ಆಂಟೆನಾ ಮತ್ತು ಮನೆಯವರ ಫೈಬರ್ ಇರಲೇಬೇಕು.