ಕರುಣೆಗೆ ಅಂಕ ಹಾಕುವ ಪ್ರಶ್ನಾವಳಿ

ಪರೀಕ್ಷೆಯಲ್ಲಿ ಫೇಲಾದ ಗೆಳತಿಗೆ ‘ಹೋಗಲಿ ಬಿಡೇ’ ಎನ್ನುವವಳು, ತಾನೇ ಫೇಲಾದಾಗ ತನ್ನನ್ನು ಮೂದಲಿಸಿಕೊಂಡು ರಾತ್ರಿಯೆಲ್ಲ ನಿದ್ದೆಗೆಡುತ್ತಾಳೆ. ಟೆಕ್ಸಾಸ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞೆ ಕ್ರಿಸ್ಟಿನ್ ನೆಫ್ ಪ್ರಶ್ನಿಸುವುದು ಈ ತಾರತಮ್ಯವನ್ನೇ. ಬೌದ್ಧ ಚಿಂತನೆಯಿಂದ ಪ್ರೇರಣೆ ಪಡೆದ ಅವರು 2003ರಲ್ಲಿ ಆತ್ಮಕರುಣೆಗೆ ಮೂರು ಅಂಗಗಳನ್ನು ಗುರುತಿಸಿದರು: ತನ್ನ ಬಗ್ಗೆ ಮೃದುವಾಗಿರುವುದು, ಸೋಲು ಎಲ್ಲರ ಪಾಲಿಗೂ ಬರುತ್ತದೆಂದು ಕಾಣುವುದು, ನೋವನ್ನು ಮುಚ್ಚಿಡದೆ, ಹಿಗ್ಗಿಸದೆ ಗಮನಿಸುವುದು. ಕೊನೆಯದೇ ಮೈಂಡ್‌ಫುಲ್‌ನೆಸ್. ಆದರೆ ಈ ವಿಚಾರದ ಜೀವ ಇರುವುದು ಎರಡನೆಯದರಲ್ಲಿ. ‘ನನಗೊಬ್ಬಳಿಗೇ ಹೀಗೆ’ ಎಂಬ ಗೋಳಾಟದಿಂದ ಆತ್ಮಕರುಣೆಯನ್ನು ಬೇರ್ಪಡಿಸುವುದು ಅದೊಂದೇ.

ದೇಹ ಇದಕ್ಕೆ ಏನನ್ನುತ್ತದೆ?

ಒತ್ತಡವನ್ನು ಪ್ರಯೋಗಾಲಯದಲ್ಲೇ ಹುಟ್ಟಿಸಲು ಜರ್ಮನಿಯ ಟ್ರಿಯರ್‌ನಲ್ಲಿ 1993ರ ಹೊತ್ತಿಗೆ ರೂಪುಗೊಂಡ ಒಂದು ಪರೀಕ್ಷೆಯಿದೆ. ಮುಖದಲ್ಲಿ ಯಾವ ಭಾವವನ್ನೂ ತೋರಿಸದ ಪರೀಕ್ಷಕರ ಎದುರು ಭಾಷಣ ಮಾಡಬೇಕು, ಆಮೇಲೆ 1022ರಿಂದ 13 ಕಳೆಯುತ್ತಾ ಹೋಗಬೇಕು. ತಪ್ಪಿದರೆ ಮತ್ತೆ ಮೊದಲಿನಿಂದ. ಹೆಚ್ಚಿನವರ ಎದೆ ಡವಗುಟ್ಟುತ್ತದೆ, ಒತ್ತಡದ ಹಾರ್ಮೋನ್ ಕಾರ್ಟಿಸೋಲ್ ಏರುತ್ತದೆ. 2014ರಲ್ಲಿ ಪ್ರಕಟವಾದ ಅಧ್ಯಯನವೊಂದು 41 ಆರೋಗ್ಯವಂತ ತರುಣರನ್ನು ಇಂಥ ಪರೀಕ್ಷೆಗೆ ಒಡ್ಡಿತು. ಆತ್ಮಕರುಣೆ ಹೆಚ್ಚಿದ್ದವರಲ್ಲಿ ಉರಿಯೂತದ ಸೂಚಕವಾದ ಇಂಟರ್‌ಲ್ಯೂಕಿನ್-6 ಅಷ್ಟಾಗಿ ಏರಲಿಲ್ಲ. 2019ರಲ್ಲಿ ಇಂಗ್ಲೆಂಡಿನ ಎಕ್ಸೆಟರ್‌ನ ಸಂಶೋಧಕರು ವಿದ್ಯಾರ್ಥಿಗಳಿಗೆ ಬರೀ ಹನ್ನೊಂದು ನಿಮಿಷದ ಧ್ವನಿಮುದ್ರಿಕೆ ಕೇಳಿಸಿದರು. ತಮ್ಮ ಬಗ್ಗೆ ಅಕ್ಕರೆ ತಾಳುವ ಅಭ್ಯಾಸ ಮಾಡಿದವರ ಹೃದಯ ಬಡಿತ ಇಳಿಯಿತು, ಬೆವರಿನ ಪ್ರತಿಕ್ರಿಯೆಯೂ ತಗ್ಗಿತು.

ಆಸೆ ಹುಟ್ಟಿಸುವ ಫಲಿತಾಂಶಗಳು, ನಿಜ. ಆದರೂ ಹನ್ನೊಂದು ನಿಮಿಷದ ಶಾಂತಿ ಮನೆಸಾಲದ ಕಂತಿನ ದಿನವೂ ಉಳಿದೀತೆಂದು ಅವು ಹೇಳುವುದಿಲ್ಲ.

ದೊಡ್ಡ ತಕರಾರು ಇರುವುದು ಆತ್ಮಕರುಣೆಯನ್ನು ಅಳೆಯಲು ನೆಫ್ ರೂಪಿಸಿದ ಪ್ರಶ್ನಾವಳಿಯ ಬಗ್ಗೆ. ಅದರ 26 ಹೇಳಿಕೆಗಳಲ್ಲಿ 13 ಆತ್ಮನಿಂದೆ, ಒಂಟಿತನ, ನೋವಿನಲ್ಲೇ ಮುಳುಗುವುದರ ಕುರಿತಾದವು. ಅವುಗಳ ಅಂಕವನ್ನು ತಿರುಗಿಸಿ ಒಟ್ಟಿಗೆ ಸೇರಿಸುತ್ತಾರೆ. ಖಿನ್ನತೆಯ ಲಕ್ಷಣಗಳೂ ಇವೇ ತಾನೆ? ಹೀಗಿರುವಾಗ ‘ಆತ್ಮಕರುಣೆ ಹೆಚ್ಚಿದ್ದವರಿಗೆ ಖಿನ್ನತೆ ಕಡಿಮೆ’ ಎಂಬ ತೀರ್ಮಾನ ಸ್ವಲ್ಪ ಮಟ್ಟಿಗೆ ಸುತ್ತಿ ಸುತ್ತಿ ಅಲ್ಲಿಗೇ ಬಂದು ನಿಲ್ಲುತ್ತದೆ. ಪೀಟರ್ ಮುರಿಸ್ ಮೊದಲಾದ ಸಂಶೋಧಕರು ಇದನ್ನು ಎತ್ತಿ ತೋರಿಸಿದ್ದಾರೆ. ನೆಫ್ ಮಾತ್ರ ಒಟ್ಟು ಅಂಕವನ್ನೇ ಸಮರ್ಥಿಸಿಕೊಂಡು ಬಂದಿದ್ದಾರೆ. ಇಲ್ಲಿ ಟೀಕಾಕಾರರ ವಾದವೇ ಗಟ್ಟಿ.

ಮನಶ್ಶಾಸ್ತ್ರಜ್ಞ ಕ್ರಿಸ್ಟೋಫರ್ ಗರ್ಮರ್ ಜೊತೆ ಸೇರಿ ನೆಫ್ ರೂಪಿಸಿದ ಎಂಟು ವಾರಗಳ ಆತ್ಮಕರುಣೆಯ ತರಬೇತಿಗೂ ಇಂಥದೇ ಮಿತಿ. 2013ರ ಪ್ರಯೋಗದಲ್ಲಿ ಕಲಿತವರನ್ನು ಹೋಲಿಸಿದ್ದು ಇನ್ನೂ ಸರದಿಯಲ್ಲಿ ಕಾಯುತ್ತಿದ್ದವರೊಂದಿಗೆ. ವಾರಕ್ಕೊಮ್ಮೆ ಹತ್ತು ಜನ ಕೂಡಿ ಮಾತಾಡುವುದರಿಂದಲೇ ಎಷ್ಟು ಹಗುರಾಗುತ್ತದೆ ಎಂಬ ಲೆಕ್ಕ ಅದರಿಂದ ಸಿಗುವುದಿಲ್ಲ. ತರಬೇತಿಯಲ್ಲಿ ಕಲಿಸುವ, ಎದೆಯ ಮೇಲೆ ಕೈಯಿಟ್ಟು ಉಸಿರಾಡುವ ಅಭ್ಯಾಸಕ್ಕೆ ಖರ್ಚಿಲ್ಲ, ಮಾಡಿ ನೋಡಬಹುದು. ಪ್ರಶ್ನಾವಳಿಯಲ್ಲಿ ಬಂದ ಅಂಕವನ್ನು ಮಾತ್ರ ಯಾರೂ ಆರೋಗ್ಯದ ವರದಿಯೆಂದು ನಂಬಬೇಕಿಲ್ಲ.