ಒಂದೂವರೆ ಮೀಟರಿನ ಭರವಸೆ

ನಾನು ಪಾಠ ಹೇಳುವ ಪ್ರೌಢಶಾಲೆಯ ವಿಜ್ಞಾನ ಕೊಠಡಿಯ ಕಪಾಟಿನಲ್ಲಿ, ಬೀಕರುಗಳ ಪಕ್ಕ, ಒಂದು ಒಡೆದ ಸೈಕಲ್ ಹೆಲ್ಮೆಟ್ ಇದೆ. ಅದು ನನ್ನದು. ಹೊರಗಿನಿಂದ ನೋಡಿದರೆ ಬಲಗಡೆ, ಕಿವಿಯ ಮೇಲ್ಭಾಗಕ್ಕೆ ಬರುವಲ್ಲಿ, ಒಂದು ಗೀರು ಮಾತ್ರ ಕಾಣುತ್ತದೆ. ಮಗುಚಿ ಹಿಡಿದರೆ ಒಳಗಿನ ಥರ್ಮೋಕೋಲಿನಲ್ಲಿ ಉದ್ದಕ್ಕೊಂದು ಬಿರುಕು. ಅಂಚನ್ನು ಎರಡು ಬೆರಳುಗಳ ನಡುವೆ ಹಿಡಿದರೆ ಎಡಗಡೆಗಿಂತ ಬಲಗಡೆ ತೆಳ್ಳಗಾಗಿರುವುದು ಗೊತ್ತಾಗುತ್ತದೆ. ಆ ತೆಳುವಾದದ್ದರಲ್ಲೇ ಇರುವುದು ಹೆಲ್ಮೆಟ್ಟಿನ ಇಡೀ ಕೆಲಸ.

ಮೂರು ಮಳೆಗಾಲದ ಹಿಂದಿನ ಮಾತು. ಮನೆಯಿಂದ ಶಾಲೆಗೆ ಏಳು ಕಿಲೋಮೀಟರು. ದಾರಿಯಲ್ಲಿ ಒಂದು ಇಳಿಜಾರು, ಅದರ ಕೊನೆಗೆ ಮೋರಿ. ಮೋರಿ ಕೆಲಸಕ್ಕೆಂದು ರಸ್ತೆ ಅಗೆದವರು ಮತ್ತೆ ಮುಚ್ಚಿ, ಮೇಲೆ ಜಲ್ಲಿಪುಡಿ ಸುರಿದು ಹೋಗಿದ್ದರು. ಹಿಂದಿನ ದಿನ ಅದು ಇರಲಿಲ್ಲ. ಮುಂದಿನ ಚಕ್ರ ಜಾರಿದ್ದು ಗೊತ್ತಾಯಿತು, ಬಿದ್ದದ್ದು ಗೊತ್ತಾಗಲಿಲ್ಲ. ಕಣ್ಣು ಬಿಟ್ಟಾಗ ಮೋರಿಕಟ್ಟೆಯ ಕಲ್ಲು ಮುಖದ ಪಕ್ಕದಲ್ಲಿತ್ತು. ಲಾರಿಯಿಲ್ಲ, ಕಾರಿಲ್ಲ, ಎದುರಿಗೆ ನರಪಿಳ್ಳೆಯೂ ಇಲ್ಲ. ಮೊಣಕೈ ತರಚಿತ್ತು, ಎರಡು ದಿನ ತಲೆ ಭಾರವಾಗಿತ್ತು, ಅಷ್ಟೆ. ಹೆಲ್ಮೆಟ್ ನನ್ನ ಜೀವ ಉಳಿಸಿತು ಎಂದು ಪ್ರಮಾಣ ಮಾಡಿ ಹೇಳಲಾರೆ. ಅದಿಲ್ಲದೆ ಇನ್ನೊಮ್ಮೆ ಬಿದ್ದು ನೋಡಲು ಆಗುವುದಿಲ್ಲವಲ್ಲ. ಆದರೆ ಆ ಥರ್ಮೋಕೋಲು ಇಲ್ಲದಿದ್ದರೆ ಅದರ ಬದಲು ಅಪ್ಪಚ್ಚಿಯಾಗಬೇಕಿದ್ದದ್ದು ಏನು ಎಂಬುದು ನನಗೆ ಚೆನ್ನಾಗಿ ಗೊತ್ತು.

ಆದ್ದರಿಂದ ಸೈಕಲ್ ತುಳಿಯುವವರು ಹೆಲ್ಮೆಟ್ ಹಾಕಬೇಕೇ ಎಂದರೆ ನನ್ನ ಉತ್ತರ ಹಾಕಬೇಕು ಎಂದೇ. ಅದನ್ನು ಕಾನೂನು ಮಾಡಿ ಎನ್ನುವವರ ಜೊತೆ ಮಾತ್ರ ನಾನಿಲ್ಲ. ಎರಡೂ ನಿಲುವಿಗೆ ಕಾರಣ ಒಂದೇ: ಹೆಲ್ಮೆಟ್ ಕೊಡುವ ಭರವಸೆಗೆ ಒಂದು ಅಳತೆಯಿದೆ.

ಆ ಅಳತೆ ಗುಟ್ಟಿನದೇನಲ್ಲ. ಯುರೋಪಿನಲ್ಲಿ ಸೈಕಲ್ ಹೆಲ್ಮೆಟ್ಟುಗಳಿಗಿರುವ ಮಾನದಂಡದ ಹೆಸರು ಇಎನ್ 1078. ತಲೆಯಾಕಾರದ ಲೋಹದ ಗುಂಡಿಗೆ ಹೆಲ್ಮೆಟ್ ತೊಡಿಸಿ ಚಪ್ಪಟೆ ಉಕ್ಕಿನ ದಿಮ್ಮಿಯ ಮೇಲೆ ಬೀಳಿಸುತ್ತಾರೆ. ಬೀಳುವ ಎತ್ತರ ಸುಮಾರು ಒಂದೂವರೆ ಮೀಟರು. ತಾಗುವ ಹೊತ್ತಿನ ವೇಗ ಸೆಕೆಂಡಿಗೆ 5.42 ಮೀಟರು, ಅಂದರೆ ಗಂಟೆಗೆ ಹತ್ತೊಂಬತ್ತೂವರೆ ಕಿಲೋಮೀಟರು. ಆಗ ಒಳಗಿನ ಗುಂಡಿಗೆ ಆಗುವ ಆಘಾತ ಭೂಗುರುತ್ವದ 250 ಪಟ್ಟನ್ನು ಮೀರಬಾರದು. ಒಂದೂವರೆ ಮೀಟರೆಂದರೆ ಹೆಚ್ಚುಕಡಿಮೆ ಸೈಕಲ್ ಮೇಲೆ ಕೂತವನ ತಲೆ ನೆಲದಿಂದ ಇರುವ ಎತ್ತರ. ತಾನಾಗಿಯೇ ಬಿದ್ದವನ ತಲೆ ನೆಲಕ್ಕೆ ಬಡಿಯುವುದನ್ನು ಲೆಕ್ಕಕ್ಕೆ ಹಿಡಿದು ಮಾಡಿದ ವಸ್ತು ಇದು. ಆ ಪರೀಕ್ಷೆಯಲ್ಲಿ ಎಲ್ಲೂ ಮೋಟಾರು ವಾಹನ ಬರುವುದಿಲ್ಲ.

ಮಕ್ಕಳಿಗೆ ಇದನ್ನು ತೆಂಗಿನಕಾಯಿಯಿಂದ ಹೇಳುತ್ತೇನೆ. ಗುಡಿಯ ಮುಂದಿನ ಕಲ್ಲಿಗೆ ಈಡುಗಾಯಿ ಹಾಕಿದರೆ ಚೂರಾಗುತ್ತದೆ, ಅದೇ ಕಾಯಿ ಹುಲ್ಲಿನ ಮೆದೆಯ ಮೇಲೆ ಬಿದ್ದರೆ ಏನೂ ಆಗದು. ಕಾಯಿ ಅದೇ, ವೇಗವೂ ಅದೇ. ನಿಲ್ಲುವುದಕ್ಕೆ ಸಿಕ್ಕ ದೂರ ಬೇರೆ. ಎರಡು ಮಿಲಿಮೀಟರಿನಲ್ಲಿ ನಿಲ್ಲಬೇಕಾದದ್ದು ಇಪ್ಪತ್ತು ಮಿಲಿಮೀಟರಿನಲ್ಲಿ ನಿಂತರೆ ಬೀಳುವ ಪೆಟ್ಟು ಹತ್ತರಲ್ಲೊಂದು ಪಾಲು. ಥರ್ಮೋಕೋಲು ನುಚ್ಚಾಗುತ್ತ ತಲೆಗೆ ಕೊಡುವುದು ಆ ಚೂರು ದೂರವನ್ನು. ಹಾಗೆ ಒಮ್ಮೆ ನುಚ್ಚಾದದ್ದು ಮತ್ತೆ ಉಬ್ಬುವುದಿಲ್ಲ. ಪೆಟ್ಟು ತಿಂದ ಹೆಲ್ಮೆಟ್ಟನ್ನು, ಹೊರಗೆ ಎಷ್ಟೇ ಚೆನ್ನಾಗಿ ಕಂಡರೂ, ಮತ್ತೆ ಹಾಕಬಾರದು. ಇನ್ನೊಂದಿದೆ. ಕೊಬ್ಬರಿಯಾದ ಕಾಯಿಯನ್ನು ಕಿವಿಯ ಹತ್ತಿರ ಅಲುಗಿಸಿದರೆ ಚಿಪ್ಪು ಗಟ್ಟಿಯಾಗೇ ಇದ್ದು ಒಳಗೆ ಗಿಟುಕು ಲೊಟಲೊಟ ಎನ್ನುತ್ತದೆ. ತಲೆ ಓರೆಯಾಗಿ ಬಡಿದು ತಿರುಚಿದಾಗ ಮಿದುಳಿಗೂ ಅಂಥದೇ ಅವಸ್ಥೆ. ಒಂದೂವರೆ ಮೀಟರಿನ ಆ ನೇರ ಪರೀಕ್ಷೆ ಈ ತಿರುಚುವಿಕೆಯನ್ನು ಅಳೆಯುವುದಿಲ್ಲ. ಸ್ಟಾಕ್‌ಹೋಮಿನಲ್ಲಿ ಒಬ್ಬ ನರಶಸ್ತ್ರತಜ್ಞ ಮತ್ತು ಒಬ್ಬ ಎಂಜಿನಿಯರು ಸೇರಿ ಇದಕ್ಕಾಗಿಯೇ ಒಳಗೊಂದು ಜಾರುವ ಪದರವನ್ನು ರೂಪಿಸಿದರು. ಮಿಪ್ಸ್ ಎಂಬ ಹಳದಿ ಗುರುತಿನ ಹೆಲ್ಮೆಟ್ಟುಗಳು ಈಗ ನಮ್ಮ ದೊಡ್ಡ ಊರುಗಳ ಅಂಗಡಿಗಳಲ್ಲೂ ಸಿಗುತ್ತವೆ, ಬೆಲೆ ಮಾತ್ರ ಜಾಸ್ತಿ.

ಇಷ್ಟನ್ನು ಹೇಳಿ ಮುಗಿಸಿದಾಗ ಎಂಟನೇ ತರಗತಿಯ ಒಬ್ಬ ಹುಡುಗಿ ಎದ್ದು ನಿಂತು ಕೇಳಿದಳು: "ಸರ್, ಲಾರಿ ಗುದ್ದಿದ್ರೆ?"

"ಇಲ್ಲಮ್ಮ, ಅದಕ್ಕೆ ಇದು ಸಾಲದು" ಎಂದೆ. ಆಮೇಲೆ ಬೋರ್ಡಿನ ಮೇಲೆ ಲೆಕ್ಕ ಬರೆದೆ. ವೇಗ ಮೂರು ಪಟ್ಟಾದರೆ ಪೆಟ್ಟಿನ ಶಕ್ತಿ ಒಂಬತ್ತು ಪಟ್ಟು. ಇಪ್ಪತ್ತಕ್ಕೆಂದು ಮಾಡಿದ ಹೆಲ್ಮೆಟ್ಟಿನಿಂದ ಅರವತ್ತರಲ್ಲಿ ಬರುವುದನ್ನು ತಡೆಯಲಾಗದು. ಆ ಹುಡುಗಿ ಬರುವುದು ಹೆದ್ದಾರಿಯ ಅಂಚಿನಲ್ಲಿ. ಡಾಂಬರಿನ ಬಿಳಿ ಗೆರೆ ದಾಟಿದರೆ ಗೇಣೆತ್ತರದ ಕೊರಕಲು. ಹಿಂದಿನಿಂದ ಹಾರನ್ ಕೇಳಿದಾಗ ಇಳಿಯಲು ಅವಳಿಗೆ ಜಾಗವೇ ಇಲ್ಲ.

ಈಗ ಅಂಕಿಗಳ ವಿಚಾರ. ಹೆಲ್ಮೆಟ್ ಪರವಾಗಿ ಬಹಳ ಕಾಲ ಎಲ್ಲರ ಬಾಯಲ್ಲಿದ್ದದ್ದು 85 ಶೇಕಡ ಎಂಬ ಸಂಖ್ಯೆ. ಅಮೆರಿಕದ ಸಿಯಾಟಲ್‌ನಲ್ಲಿ ನಡೆದು 1989ರಲ್ಲಿ ಪ್ರಕಟವಾದ ಅಧ್ಯಯನ ಅದರ ಮೂಲ. ಹೆಲ್ಮೆಟ್ ಹಾಕುವವರು ಮೊದಲೇ ಎಚ್ಚರಿಕೆಯ ಜನ, ನೆಮ್ಮದಿಯ ಬೀದಿಗಳಲ್ಲಿ ತುಳಿಯುವವರು, ಆದ್ದರಿಂದ ಅಷ್ಟೂ ಪುಣ್ಯವನ್ನು ಹೆಲ್ಮೆಟ್ಟಿಗೆ ಕಟ್ಟಬಾರದು ಎಂಬ ಟೀಕೆ ಬಂತು. ಟೀಕೆ ನ್ಯಾಯವಾದದ್ದೇ. 2017ರಲ್ಲಿ ಆಸ್ಟ್ರೇಲಿಯಾದ ಇಬ್ಬರು ಸಂಶೋಧಕರು ಗಾಯಗೊಂಡ 64,000ಕ್ಕೂ ಹೆಚ್ಚು ಸವಾರರ ಲೆಕ್ಕವನ್ನು ಹಲವು ಅಧ್ಯಯನಗಳಿಂದ ಒಟ್ಟುಗೂಡಿಸಿದರು. ಹೆಲ್ಮೆಟ್ ಇದ್ದವರಲ್ಲಿ ತಲೆಗೆ ಪೆಟ್ಟಾಗುವ ಸಂಭವ ಅರ್ಧದಷ್ಟು ಕಡಿಮೆ, ಗಂಭೀರ ಪೆಟ್ಟಿನದು 69 ಶೇಕಡ ಕಡಿಮೆ ಎಂದು ಬಂತು. 85 ಅಲ್ಲದಿರಬಹುದು, ಆದರೂ ಸಣ್ಣದಲ್ಲ. ಸಾವಿರದ ಆಸುಪಾಸಿನ ಒಂದು ವಸ್ತು ಇಷ್ಟು ಮಾಡುತ್ತದೆಂದರೆ ಅದನ್ನು ಹಗುರವಾಗಿ ಕಾಣುವುದು ತಪ್ಪು. ಹೆಲ್ಮೆಟ್ ಕಂಡ ಚಾಲಕರು ಸವಾರನ ಇನ್ನಷ್ಟು ಹತ್ತಿರಕ್ಕೆ ಬಂದು ದಾಟುತ್ತಾರೆ ಎಂದು ಇಂಗ್ಲೆಂಡಿನ ಬಾತ್ ವಿಶ್ವವಿದ್ಯಾಲಯದ ಇಯಾನ್ ವಾಕರ್ 2007ರಲ್ಲಿ ತೋರಿಸಿದ್ದನ್ನು ವಿರೋಧಿಗಳು ಎತ್ತಿ ಹೇಳುತ್ತಾರೆ. ವ್ಯತ್ಯಾಸ ಸರಾಸರಿ ಎಂಟೂವರೆ ಸೆಂಟಿಮೀಟರು. ಅದೇ ಅಂಕಿಗಳನ್ನು ಮತ್ತೆ ಪರಿಶೀಲಿಸಿದವರು ಆ ತೀರ್ಮಾನವನ್ನು ಒಪ್ಪಲಿಲ್ಲ. ಎಂಟೂವರೆ ಸೆಂಟಿಮೀಟರಿಗಾಗಿ ಹೆಲ್ಮೆಟ್ ಬಿಡಲು ನಾನಂತೂ ತಯಾರಿಲ್ಲ.

ಇಷ್ಟು ಒಳ್ಳೆಯದಾದರೆ ಕಾನೂನು ಏಕೆ ಬೇಡ? ಕಾನೂನು ಮಾಡಿದವರ ಕಥೆಯಲ್ಲೇ ಉತ್ತರವಿದೆ. ಜಗತ್ತಿನಲ್ಲೇ ಮೊದಲಿಗೆ 1990ರ ಜುಲೈ 1ರಂದು ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯ ಸೈಕಲ್ ಸವಾರರಿಗೆ ಹೆಲ್ಮೆಟ್ ಕಡ್ಡಾಯ ಮಾಡಿತು. ತಲೆಗೆ ಪೆಟ್ಟಾಗಿ ಆಸ್ಪತ್ರೆ ಸೇರುವವರು ಕಡಿಮೆಯಾದರು. ರಸ್ತೆಯಲ್ಲಿ ಎಣಿಸಿದಾಗ ಸೈಕಲ್ ತುಳಿಯುವವರೂ ಕಡಿಮೆಯಾಗಿದ್ದರು, ಅದರಲ್ಲೂ ಹದಿಹರೆಯದ ಮಕ್ಕಳು. ಎಷ್ಟು ಪಾಲು ಹೆಲ್ಮೆಟ್ಟಿನಿಂದ, ಎಷ್ಟು ಪಾಲು ಸೈಕಲ್ ಬಿಟ್ಟದ್ದರಿಂದ ಎಂಬ ಜಗಳ ಇನ್ನೂ ಹರಿದಿಲ್ಲ. 2010ರಲ್ಲಿ ಅದೇ ರಾಜ್ಯದ ಮೆಲ್ಬರ್ನ್‌ನಲ್ಲಿ ಬಾಡಿಗೆ ಸೈಕಲ್ ಯೋಜನೆ ಶುರುವಾಯಿತು. ನಿಂತಲ್ಲೇ ಸೈಕಲ್ ಸಿಗುತ್ತಿತ್ತು, ತಲೆಗೆ ಹೆಲ್ಮೆಟ್ ಎಲ್ಲಿಂದ ತರುವುದು? ಅಂಗಡಿಗಳಲ್ಲಿ ಐದು ಡಾಲರಿಗೆ ಮಾರಿದರು. ಆದರೂ ನಿರೀಕ್ಷಿಸಿದಷ್ಟು ಜನ ಬರಲಿಲ್ಲ, 2019ರಲ್ಲಿ ಯೋಜನೆ ಮುಚ್ಚಿತು. ಮೆಕ್ಸಿಕೊ ನಗರ ತನ್ನ ಬಾಡಿಗೆ ಸೈಕಲ್ ನಡೆಯಲೆಂದು 2010ರಲ್ಲೇ ಹೆಲ್ಮೆಟ್ ನಿಯಮ ಕೈಬಿಟ್ಟಿತ್ತು.

ನನ್ನನ್ನು ಬಹಳ ಕಾಡಿದ್ದು ಸಿಯಾಟಲ್. 85 ಶೇಕಡದ ಅಧ್ಯಯನ ಹುಟ್ಟಿದ ಊರು. ಆ ಊರನ್ನೊಳಗೊಂಡ ಕಿಂಗ್ ಕೌಂಟಿ 2022ರ ಫೆಬ್ರವರಿಯಲ್ಲಿ ಹೆಲ್ಮೆಟ್ ಕಡ್ಡಾಯವನ್ನು ರದ್ದು ಮಾಡಿತು. ಹೆಲ್ಮೆಟ್ ಕೆಲಸಕ್ಕೆ ಬಾರದು ಎಂದಲ್ಲ. ಯಾರ ಮೇಲೆ ದಂಡ ಬೀಳುತ್ತಿದೆ ಎಂದು ನೋಡಿದರೆ ಮನೆಯಿಲ್ಲದವರು, ಕಪ್ಪುಜನರು ತಮ್ಮ ಪಾಲಿಗಿಂತ ಬಹಳ ಹೆಚ್ಚು ಇದ್ದರು. ಹೆಲ್ಮೆಟ್ ಹಾಕಿ ಎಂದೇ ಈಗಲೂ ಆ ಆಡಳಿತ ಹೇಳುತ್ತದೆ. ಪೊಲೀಸರ ಕೈಗೆ ರಸೀದಿ ಪುಸ್ತಕ ಕೊಟ್ಟು ಹೇಳಿಸುವುದನ್ನು ನಿಲ್ಲಿಸಿತು.

ನಮ್ಮಲ್ಲಿ ಆ ರಸೀದಿ ಯಾರ ಹೆಸರಿಗೆ ಹರಿಯುತ್ತದೆ ಎಂದು ಊಹಿಸುವುದು ಕಷ್ಟವಲ್ಲ. ಬೆಂಗಳೂರಿನಲ್ಲಿ ಭಾನುವಾರ ನಸುಕಿನಲ್ಲಿ ನಂದಿಬೆಟ್ಟದ ಕಡೆ ಹೋಗುವವರೆಲ್ಲ ಹೆಲ್ಮೆಟ್ ಹಾಕಿಯೇ ಇರುತ್ತಾರೆ. ವಿಜಯಪುರ, ಬಾಗಲಕೋಟೆ ಕಡೆಯ ಸ್ಪರ್ಧಾಳುಗಳಿಗೂ ಅದು ಉಡುಪಿನ ಭಾಗ. 2003ರಲ್ಲಿ ಪ್ಯಾರಿಸ್-ನೀಸ್ ಸ್ಪರ್ಧೆಯಲ್ಲಿ ಬಿದ್ದು ಆಂದ್ರೇ ಕಿವಿಲೆವ್ ಎಂಬ ಸವಾರ ತೀರಿಹೋದ ಮೇಲೆ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ವೃತ್ತಿ ಸ್ಪರ್ಧೆಗಳಲ್ಲಿ ಹೆಲ್ಮೆಟ್ ಕಡ್ಡಾಯ ಮಾಡಿತು. ಅದು ಸರಿಯಾದ ನಿಯಮ, ಇಳಿಜಾರಿನಲ್ಲಿ ಗುಂಪಾಗಿ ನುಗ್ಗುವವರಿಗೆ ಬೇಕೇ ಬೇಕು. ಬರಿತಲೆಯಲ್ಲಿ ಹೋಗುವವರು ಬೇರೆ. ಕರಣೆ, ಮಟ್ಟಗೋಲು ಕಟ್ಟಿಕೊಂಡು ಹೋಗುವ ಗಾರೆಯವರು, ಪೇಪರ್ ಹಾಕುವ ಹುಡುಗರು, ಕ್ಯಾರಿಯರ್ ಮೇಲೆ ಡಬ್ಬ ಇಟ್ಟ ಬನ್ನು-ಬ್ರೆಡ್ಡಿನವರು, ಶಾಲೆಯ ಮಕ್ಕಳು. ಮೋಟಾರು ವಾಹನ ಕಾಯ್ದೆಯ 129ನೇ ಕಲಮು ಬೈಕ್ ಸವಾರರಿಗಷ್ಟೇ, ಸೈಕಲ್ಲಿಗೆ ಅನ್ವಯಿಸದು. ಹಾಗೇ ಇರಲಿ. ಬೈಕಿನವರಿಗೆ ಕಡ್ಡಾಯ ಮಾಡಿ ನಾವು ಕಂಡದ್ದೇನು? ದಂಡ ತಪ್ಪಿಸಲು ಕೊಂಡ ಟೋಪಿಯಂಥ ಹಾಫ್ ಹೆಲ್ಮೆಟ್ಟುಗಳು, ಬಿಗಿಯದ ಪಟ್ಟಿ, ಸಿಗ್ನಲ್ ಬಂದಾಗ ತೋಳಿನಿಂದ ತಲೆಗೆ ಏರುವ ಹೆಲ್ಮೆಟ್. ಬೈಕಿನ ವೇಗಕ್ಕೆ ಕಡ್ಡಾಯ ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಹನ್ನೆರಡು ಕಿಲೋಮೀಟರು ವೇಗದ ಗಾರೆಯಣ್ಣನನ್ನು ಅಡ್ಡಹಾಕುವುದು ಬೇರೆಯೇ ಮಾತು. ಇನ್ನೊಂದು ಭಯವೂ ನನಗಿದೆ. ಬೈಕ್ ಅಪಘಾತದ ಪರಿಹಾರ ಪ್ರಕರಣಗಳಲ್ಲಿ ಸತ್ತವನು ಹೆಲ್ಮೆಟ್ ಹಾಕಿರಲಿಲ್ಲ ಎಂದು ವಿಮಾ ಕಂಪನಿಗಳು ವಾದ ಹೂಡುವುದುಂಟು. ಸೈಕಲ್ಲಿಗೂ ಕಾನೂನು ಬಂದರೆ, ಹಿಂದಿನಿಂದ ಬಂದ ಲಾರಿಯ ತಪ್ಪಿನಲ್ಲಿ ಒಂದು ಪಾಲು ಆ ಹುಡುಗಿಯ ಬರಿತಲೆಯ ಮೇಲೆ ಬರುತ್ತದೆ. ಲಾರಿಯನ್ನು ತಡೆಯಲಾರದ ವಸ್ತುವಿನ ಹೆಸರಿನಲ್ಲಿ.

ನೆದರ್‌ಲ್ಯಾಂಡ್ಸ್ ನೋಡಿ, ಅಲ್ಲಿ ಯಾರೂ ಹೆಲ್ಮೆಟ್ ಹಾಕುವುದಿಲ್ಲ ಎನ್ನುವವರ ಮಾತನ್ನು ನಾನು ಅರ್ಧ ಒಪ್ಪುತ್ತೇನೆ. 1971ರಲ್ಲಿ ಆ ಪುಟ್ಟ ದೇಶದ ರಸ್ತೆಗಳಲ್ಲಿ ಸುಮಾರು 3,300 ಜನ ಸತ್ತರು, ಅವರಲ್ಲಿ 400ಕ್ಕೂ ಹೆಚ್ಚು ಮಕ್ಕಳು. ತಂದೆತಾಯಿಯರು ಬೀದಿಗಿಳಿದು "ಮಕ್ಕಳ ಕೊಲೆ ನಿಲ್ಲಿಸಿ" ಎಂಬ ಹೆಸರಿನಲ್ಲೇ ಚಳವಳಿ ಕಟ್ಟಿದರು. ಅವರು ಮಕ್ಕಳ ತಲೆಗೆ ಹೆಲ್ಮೆಟ್ ಕೇಳಲಿಲ್ಲ, ಕಾರುಗಳಿಂದ ಬೇರ್ಪಟ್ಟ ದಾರಿ ಕೇಳಿದರು, ಪಡೆದರು. ಅದು ಈ ಮಾತಿನ ಗಟ್ಟಿ ಅರ್ಧ. ಉಳಿದರ್ಧವನ್ನು ಅದೇ ದೇಶ ಈಚೆಗೆ ಕಲಿಯುತ್ತಿದೆ. 2017ರಲ್ಲಿ ಅಲ್ಲಿ ಮೊದಲ ಬಾರಿಗೆ ಕಾರಿನೊಳಗೆ ಸತ್ತವರಿಗಿಂತ ಸೈಕಲ್ ಮೇಲೆ ಸತ್ತವರು ಹೆಚ್ಚಾದರು: 201ಕ್ಕೆ 206. ಅವರಲ್ಲಿ ಬಹಳಷ್ಟು ಜನ ವಯಸ್ಸಾದವರು. ಎಷ್ಟೇ ಒಳ್ಳೆಯ ದಾರಿ ಮಾಡಿದರೂ ಒಂದೂವರೆ ಮೀಟರಿನಿಂದ ಬೀಳುವ ಬೀಳು ಇದ್ದೇ ಇರುತ್ತದೆ. ನಮ್ಮ ದಾರಿಗಳಲ್ಲಂತೂ ಬಣ್ಣ ಬಳಿಯದ ಹಂಪು, ತಿರುವಿನಲ್ಲಿ ಸುರಿದ ಮರಳು, ಕತ್ತಲಲ್ಲಿ ಅಡ್ಡ ಬರುವ ನಾಯಿ, ಒಣಗಲು ಹರಡಿದ ರಾಗಿಹುಲ್ಲು. ಇವೆಲ್ಲ ಬೀಳಿಸುವುದು ಅದೇ ಎತ್ತರದಿಂದ. ಡಚ್ಚರಿಗಿಂತ ನಮಗೇ ಹೆಲ್ಮೆಟ್ ಹೆಚ್ಚು ಬೇಕು.

ಕರ್ನಾಟಕ ಸರ್ಕಾರ 2006-07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಶುರುಮಾಡಿತು. ಅದರಿಂದ ಶಾಲೆ ಬಿಡದೆ ಉಳಿದ ಹೆಣ್ಣುಮಕ್ಕಳನ್ನು ನಾನೇ ಕಂಡಿದ್ದೇನೆ, ಆ ಯೋಜನೆಯ ಬಗ್ಗೆ ನನಗೆ ಗೌರವವಿದೆ. ಸೈಕಲ್ ಜೊತೆಗೆ ಹೆಲ್ಮೆಟ್ ಕೊಡಬೇಕಿತ್ತು. ಕಡ್ಡಾಯ ಎಂದಲ್ಲ, ಬೆಲ್ಲು, ಬೀಗದ ಹಾಗೆ ಜೊತೆಗೆ ಬರುವ ವಸ್ತುವಾಗಿ. ಮತ್ತು ಆ ಮಕ್ಕಳು ಬರುವ ರಸ್ತೆಯಂಚಿಗೆ ಎರಡು ಅಡಿ ಗಟ್ಟಿ ನೆಲ ಕೊಡಬೇಕಿತ್ತು. ಎರಡರಲ್ಲಿ ಒಂದನ್ನೇ ಕೊಡುತ್ತೇವೆ ಎಂದರೆ ನಾನು ನೆಲವನ್ನೇ ಕೇಳುತ್ತೇನೆ.

ಬಿದ್ದ ವರ್ಷ ನಾವು ಶಿಕ್ಷಕರು ಸೇರಿ ಶಾಲೆಗೆ ಆರು ಹೆಲ್ಮೆಟ್ ತಂದೆವು. ಸರತಿಯಲ್ಲಿ ಹಾಕಿಕೊಳ್ಳಲಿ ಎಂದು. ಮೊದಲ ತಿಂಗಳು ಎಲ್ಲ ಎಡವಟ್ಟು. ಒಬ್ಬರದು ಒಬ್ಬರು ಹಾಕಿದರೆ ಹೇನು ಹತ್ತುತ್ತದೆ ಎಂದು ತಾಯಂದಿರು ಬೈದರು, ಬೈದದ್ದು ಸರಿಯೇ ಇತ್ತು. ಹುಡುಗರು ಹೆಲ್ಮೆಟ್ಟನ್ನು ಹಿಂದಕ್ಕೆ ಸರಿಸಿ ಹಣೆ ಪೂರ್ತಿ ಬಿಟ್ಟು ಹಾಕುತ್ತಿದ್ದರು. ಹುಬ್ಬಿನ ಮೇಲೆ ಎರಡೇ ಬೆರಳು ಜಾಗ, ಗದ್ದದ ಪಟ್ಟಿಯ ಕೆಳಗೆ ಒಂದೇ ಬೆರಳು ಎಂದು ದಿನಾ ಗೇಟಿನಲ್ಲಿ ನಿಂತು ಸರಿಮಾಡಿದೆ. ಹುಡುಗಿಯರ ತೊಂದರೆ ನನಗೆ ಹೊಳೆದಿರಲೇ ಇಲ್ಲ. ಎರಡು ಜಡೆ ಹೆಣೆದು, ಮಡಚಿ, ಕಿವಿಯ ಹಿಂದೆ ರಿಬ್ಬನ್ನಿನ ಹೂ ಕಟ್ಟಬೇಕೆಂಬುದು ನಮ್ಮದೇ ಶಾಲೆಯ ನಿಯಮ. ಹೆಲ್ಮೆಟ್ಟಿನ ಎರಡು ಪಟ್ಟಿ ಕೂಡಬೇಕಾದ್ದು ಸರಿಯಾಗಿ ಅಲ್ಲೇ, ಕಿವಿಯ ಕೆಳಗೆ. ರಿಬ್ಬನ್ನಿನ ಗಂಟು ಒತ್ತಿ ನೋಯುತ್ತಿತ್ತು, ಪಟ್ಟಿ ಸಡಿಲ ಬಿಡುತ್ತಿದ್ದರು. ಲಾರಿಯ ಪ್ರಶ್ನೆ ಕೇಳಿದ ಹುಡುಗಿಯೇ ಅದನ್ನು ತೋರಿಸಿಕೊಟ್ಟಳು. ಮುಖ್ಯೋಪಾಧ್ಯಾಯಿನಿಯವರ ಹತ್ತಿರ ಹೋಗಿ ಮಾತಾಡಿದೆ. ಮರುವಾರದಿಂದ ಸೈಕಲ್ಲಿನಲ್ಲಿ ಬರುವ ಹುಡುಗಿಯರು ಒಂದೇ ಜಡೆ ಹಾಕಿ ಬೆನ್ನಿಗೆ ಇಳಿಬಿಡಬಹುದು ಎಂದಾಯಿತು. ಪಟ್ಟಿ ಬಿಗಿಯಾಗಿ ಕೂತಿತು.